ಗೋಗನ ವಿಳಾಸ

2025ರ ಜೂನ್ ತಿಂಗಳಲ್ಲಿ ಇಸ್ರೇಲ್ ಮತ್ತು ಇರಾನ್ ಹನ್ನೆರಡು ದಿನಗಳ ಕಾಲ ಒಂದರ ಮೇಲೊಂದು ದಾಳಿ ನಡೆಸುತ್ತಿದ್ದಾಗ, ಪುಣೆಯ ಪಕ್ಕದ ಪಿಂಪ್ರಿಯಲ್ಲಿ ನಾನು ನಡೆಸಿಕೊಡುವ ಕನ್ನಡ ಬೈಬಲ್ ಅಧ್ಯಯನ ಗುಂಪಿನಲ್ಲಿ ಒಬ್ಬ ಹೆಣ್ಣುಮಗಳು ಎದ್ದು ನಿಂತು ಒಂದು ಪ್ರಶ್ನೆ ಕೇಳಿದರು. ಅವರ ಮೈದುನ ಹೈಫಾ ನಗರದಲ್ಲಿ ವೃದ್ಧರೊಬ್ಬರ ಆರೈಕೆಯ ಕೆಲಸದಲ್ಲಿದ್ದಾನೆ. ಮೊಬೈಲಿಗೆ ಬಂದ ಯಾವುದೋ ಪ್ರಸಂಗದಲ್ಲಿ ಈ ಯುದ್ಧ ಪ್ರವಾದನೆಯ ನೆರವೇರಿಕೆಯೆಂದೂ, ಅದನ್ನು ಯಾರೂ ತಡೆಯಲಾಗದೆಂದೂ ಹೇಳಿದ್ದರಂತೆ. ‘ಹಾಗಿದ್ದರೆ ಯುದ್ಧ ನಿಲ್ಲಲಿ ಎಂದು ನಾನು ಪ್ರಾರ್ಥಿಸುವುದು ದೇವರ ಚಿತ್ತಕ್ಕೆ ಅಡ್ಡ ಬಂದ ಹಾಗಾಗುತ್ತದೆಯೇ?’ ಎಂದು ಅವರು ಕೇಳಿದರು. ಹಳೆಯ ಒಡಂಬಡಿಕೆಯನ್ನು ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲದಿಂದ ಪಾಠ ಮಾಡುತ್ತಿರುವ ನನಗೆ, ಪ್ರವಾದನೆಯ ಬಗ್ಗೆ ಇಷ್ಟು ನೇರವಾದ ಪ್ರಶ್ನೆಯನ್ನು ಯಾವ ವಿದ್ಯಾರ್ಥಿಯೂ ಕೇಳಿರಲಿಲ್ಲ.

ನಾನು ಬಾಯಿ ತೆರೆಯುವ ಮೊದಲೇ ಗುಂಪಿನ ಹಿರಿಯರೊಬ್ಬರು ಉತ್ತರಿಸಿದರು. ಬೀದರ್ ಕಡೆಯಿಂದ ಬಂದು, ಖಡಕಿಯ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತರಾದ ಅವರ ಬಳಿ ಒಂದು ದಪ್ಪ ರಿಜಿಸ್ಟರ್ ಇದೆ. 1973ರ ಅರಬ್-ಇಸ್ರೇಲ್ ಯುದ್ಧದಿಂದ ಈಚೆಗಿನ ಪತ್ರಿಕೆಗಳ ತುಣುಕುಗಳನ್ನು ಅದರಲ್ಲಿ ಅಂಟಿಸಿ, ಪ್ರತಿಯೊಂದರ ಪಕ್ಕದಲ್ಲಿ ಸತ್ಯವೇದದ ವಚನವನ್ನು ಕೆಂಪು ಶಾಯಿಯಲ್ಲಿ ಬರೆದಿದ್ದಾರೆ. ಇರಾನಿನ ಸುದ್ದಿಗೆ ಅವರು ತೆಗೆದದ್ದು ಹಳೆಯ ಒಡಂಬಡಿಕೆಯ ಪ್ರವಾದಿ ಯೆಹೆಜ್ಕೇಲನ ಗ್ರಂಥದ 38ನೆಯ ಅಧ್ಯಾಯ. ಮಾಗೋಗ್ ದೇಶದ ಗೋಗನೆಂಬ ದೊರೆ ಉತ್ತರ ದಿಕ್ಕಿನ ಕಟ್ಟಕಡೆಯಿಂದ ದಂಡೆತ್ತಿ ಇಸ್ರಾಯೇಲಿನ ಮೇಲೆ ಬರುತ್ತಾನೆ, ಅವನ ಜತೆಗೆ ಪಾರಸಿಯರೂ ಕೂಷಿನವರೂ ಪೂಟಿನವರೂ ಇರುತ್ತಾರೆ ಎಂಬ ಅಧ್ಯಾಯವದು. ಪಾರಸಿಯವೆಂದರೆ ಇಂದಿನ ಇರಾನ್, ಗೋಗನೆಂದರೆ ರಷ್ಯಾದ ಅಧಿಪತಿ, ಅವನ ನಾಡಾದ ಮೆಷೆಕ್ ಎಂದರೆ ಮಾಸ್ಕೋ ಎಂದು ಅವರು ಒಂದೊಂದಾಗಿ ಬಿಡಿಸಿ ಹೇಳಿದರು. ಅಂದಿನಿಂದ ನಮ್ಮ ಗುಂಪಿನಲ್ಲಿ ಶುರುವಾದ ಚರ್ಚೆ ಇನ್ನೂ ಮುಗಿದಿಲ್ಲ.

ಪಾರಸಿಯದ ವಿಷಯದಲ್ಲಿ ಹಿರಿಯರು ಹೇಳಿದ್ದು ಸರಿ. ಮುಂಬೈಯವರಿಗೆ ಆ ಹೆಸರನ್ನು ವಿವರಿಸಬೇಕಾದ ಅಗತ್ಯವೂ ಇಲ್ಲ, ಪಾರ್ಸಿಗಳು ಅದನ್ನು ಹೊತ್ತೇ ಬಂದವರು. ಆದರೆ ಗೋಗನಿಗೆ ರಷ್ಯಾದ ವಿಳಾಸ ಸಿಕ್ಕಿದ್ದು ಹೇಗೆ ಎಂಬುದನ್ನು ತುಸು ನಿಧಾನವಾಗಿ ನೋಡಬೇಕು. ಆ ಅಧ್ಯಾಯದ ಮೂಲದಲ್ಲಿ ‘ನೆಸೀ ರೋಷ್ ಮೆಷೆಕ್ ವೆ ತೂಬಲ್’ ಎಂಬ ಪದಗಳಿವೆ. ಹೀಬ್ರೂ ಭಾಷೆಯಲ್ಲಿ ರೋಷ್ ಎಂದರೆ ತಲೆ. ಪುಣೆಯ ಕ್ಯಾಂಪಿನಲ್ಲಿ ಊರವರು ಲಾಲ್ ದೇವಳ್ ಎಂದು ಕರೆಯುವ ಓಹೆಲ್ ಡೇವಿಡ್ ಸಿನಗಾಗ್‌ನಲ್ಲಿ ಯೆಹೂದ್ಯರು ಆಚರಿಸುವ ರೋಷ್ ಹಶಾನಾ ಹಬ್ಬದಲ್ಲಿರುವುದೂ ಇದೇ ಪದ, ಅಂದರೆ ವರ್ಷದ ತಲೆ, ನಮ್ಮ ಯುಗಾದಿಯ ಹಾಗೆ. ಆದ್ದರಿಂದ ಯೆಹೆಜ್ಕೇಲನ ಮಾತನ್ನು ‘ಮೆಷೆಕ್ ಮತ್ತು ತೂಬಲಿನ ಮುಖ್ಯ ದೊರೆ’ ಎಂದು ಓದಬಹುದು. ಜೆರೋಮನ ಲ್ಯಾಟಿನ್ ಅನುವಾದ ತಲೆ ಎಂಬ ಅರ್ಥವನ್ನೇ ಹಿಡಿಯಿತು, ಅದಕ್ಕಿಂತ ಹಳೆಯದಾದ ಗ್ರೀಕ್ ಅನುವಾದ ರೋಷ್ ಎಂಬುದನ್ನು ಒಂದು ಹೆಸರೆಂದು ಭಾವಿಸಿತು. ಗ್ರೀಕ್ ಅನುವಾದಕರ ಆ ಹೆಸರನ್ನು ಹತ್ತೊಂಬತ್ತನೆಯ ಶತಮಾನದ ಜರ್ಮನ್ ಹೀಬ್ರೂ ಪಂಡಿತ ಗೆಸೇನಿಯಸ್ ರಷ್ಯನ್ನರಿಗೆ ಜೋಡಿಸಿದನು. 1909ರಲ್ಲಿ ಅಮೆರಿಕದ ಸ್ಕೋಫೀಲ್ಡ್ ಹೊರತಂದ ಟಿಪ್ಪಣಿಸಹಿತ ಬೈಬಲ್, ಇದು ರಷ್ಯಾದ ಮುಂದಾಳತ್ವದ ಉತ್ತರದ ಶಕ್ತಿಗಳನ್ನು ಕುರಿತದ್ದೆಂದು ಎಲ್ಲರೂ ಒಪ್ಪುತ್ತಾರೆ ಎಂದು ಬರೆದುಬಿಟ್ಟಿತು. ಎಲ್ಲರೂ ಒಪ್ಪಿರಲಿಲ್ಲ, ಇಂದಿಗೂ ಒಪ್ಪಿಲ್ಲ. ರುಸ್ ಎಂಬ ಜನನಾಮ ಕಾಣಿಸಿಕೊಳ್ಳುವುದು ಯೆಹೆಜ್ಕೇಲನ ನಂತರ ಸಾವಿರಕ್ಕೂ ಹೆಚ್ಚು ವರ್ಷ ಕಳೆದ ಮೇಲೆ. ಮಾಸ್ಕೋ ನಗರಕ್ಕೆ ಹೆಸರು ಬಂದದ್ದು ಅದೇ ಹೆಸರಿನ ನದಿಯಿಂದ. ಮೆಷೆಕ್ ಮತ್ತು ತೂಬಲ್ ಎಂಬವರು ಅಶ್ಶೂರದ ಶಾಸನಗಳಲ್ಲಿ ಮುಷ್ಕಿ ಮತ್ತು ತಬಲ್ ಎಂಬ ಹೆಸರಿನಿಂದ ಬರುತ್ತಾರೆ, ಅವರ ನಾಡು ಇಂದಿನ ಟರ್ಕಿಯಲ್ಲಿದೆ.

ಕನ್ನಡಿಗರಾದ ನಾವು ಇಂಥ ಶಬ್ದಸಾಮ್ಯದ ಮೋಹವನ್ನು ಬಲ್ಲವರು. ಹೊಯ್ಸಳ ರಾಜ ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟಳು, ಅದರಿಂದ ಬೆಂದಕಾಳೂರು, ಅದರಿಂದ ಬೆಂಗಳೂರು ಎಂಬ ಕಥೆಯನ್ನು ಶಾಲೆಯಲ್ಲಿ ಕೇಳದವರಿಲ್ಲ. ಆದರೆ ಬೇಗೂರಿನ ವೀರಗಲ್ಲು ಆ ರಾಜನಿಗಿಂತ ಸುಮಾರು ಮುನ್ನೂರು ವರ್ಷ ಮೊದಲೇ, ಕ್ರಿ.ಶ. 890ರ ಸುಮಾರಿಗೆ, ಬೆಂಗಳೂರಿನ ಕಾಳಗದ ಬಗ್ಗೆ ಹೇಳುತ್ತದೆ. ಕಥೆ ಸೊಗಸಾಗಿದೆ ಎಂಬ ಕಾರಣಕ್ಕೆ ಶಾಸನವನ್ನು ಪಕ್ಕಕ್ಕೆ ಸರಿಸಲಾಗುವುದಿಲ್ಲ. ಕಿವಿಯನ್ನೇ ನಂಬುವುದಾದರೆ ಕನ್ನಡಿಗನಿಗೆ ರೋಷ್ ಎಂಬುದು ಸಿಟ್ಟಿನ ದೇಶವಾಗಿ ಕೇಳಿಸಬೇಕು!

ಇದೇ ಅಧ್ಯಾಯಗಳಲ್ಲಿ ಗೋಗನ ಸೈನಿಕರು ಕುದುರೆ ಏರಿ, ಗುರಾಣಿ, ಬಿಲ್ಲು, ಬಾಣ ಹಿಡಿದು ಬರುತ್ತಾರೆ. ಅವರು ಸತ್ತ ಮೇಲೆ ಇಸ್ರಾಯೇಲ್ಯರು ಆ ಆಯುಧಗಳನ್ನು ಏಳು ವರ್ಷ ಸೌದೆಯಾಗಿ ಉರಿಸುತ್ತಾರೆ. ಹಿರಿಯರು ಬಿಲ್ಲನ್ನು ಕ್ಷಿಪಣಿಯೆಂದೂ ಕುದುರೆಯನ್ನು ಟ್ಯಾಂಕ್ ಎಂದೂ ಓದುತ್ತಾರೆ. ಆಯುಧಕ್ಕೆ ಅಲಂಕಾರ, ದೇಶದ ಹೆಸರಿಗೆ ಮಾತ್ರ ಅಕ್ಷರಾರ್ಥ ಎಂಬ ಈ ಇಬ್ಬಗೆಯೇ ನನಗೆ ಎಲ್ಲಕ್ಕಿಂತ ಹೆಚ್ಚು ತೊಡಕಾಗಿ ಕಾಣುತ್ತದೆ.

ಗೋಗನನ್ನು ತಮ್ಮ ಕಾಲದಲ್ಲಿ ಕಂಡವರ ಸಾಲು ಉದ್ದವಾಗಿದೆ. 378ರ ಸುಮಾರಿಗೆ ಗಾಥರು ರೋಮನ್ ಸಾಮ್ರಾಜ್ಯದ ಮೇಲೆ ಬಿದ್ದಾಗ ಮಿಲಾನಿನ ಬಿಷಪ್ ಆಂಬ್ರೋಸ್, ಗೋಗನೆಂದರೆ ಈ ಗಾಥನೇ ಎಂದು ಬರೆದನು. 1529ರಲ್ಲಿ ಒಟ್ಟೋಮನ್ ತುರ್ಕರು ವಿಯೆನ್ನಾ ನಗರವನ್ನು ಮುತ್ತಿದಾಗ ಲೂಥರನಿಗೆ ಅವರೇ ಗೋಗರಾಗಿ ಕಂಡರು, ಆ ಎರಡು ಅಧ್ಯಾಯಗಳನ್ನು ಅವನು ಬೇರೆಯಾಗಿಯೇ ಅನುವಾದಿಸಿ ಪ್ರಕಟಿಸಿದನು. ಇವರು ಯಾರೂ ಅಲ್ಪಮತಿಗಳಲ್ಲ. ಆದರೆ ಅದೇ ಆಂಬ್ರೋಸನಿಂದ 387ರಲ್ಲಿ ದೀಕ್ಷಾಸ್ನಾನ ಪಡೆದ ಆಗಸ್ಟೀನನು, 410ರಲ್ಲಿ ಗಾಥರು ರೋಮ್ ನಗರವನ್ನೇ ಸೂರೆಮಾಡಿದ್ದನ್ನು ಕೇಳಿದ ಮೇಲೂ, ಗೋಗ್ ಮಾಗೋಗ್ ಎಂಬುದನ್ನು ಭೂಮಿಯ ಒಂದು ಮೂಲೆಯ ಯಾವುದೋ ಅನಾಗರಿಕ ಜನಾಂಗವೆಂದು ತಿಳಿಯಬಾರದೆಂದು ಬರೆದನು. ಗುರುವಿನ ಮಾತನ್ನು ಒಪ್ಪಿಕೊಳ್ಳಲು ಎಲ್ಲ ಕಾರಣಗಳೂ ಕಣ್ಣಮುಂದೆಯೇ ಇದ್ದ ಹೊತ್ತಿನಲ್ಲಿ ಶಿಷ್ಯ ಹಾಗೆ ಬರೆದದ್ದು ನನಗೆ ದೊಡ್ಡದೆನಿಸುತ್ತದೆ. ಅವನಿಗೆ ಆಧಾರವಿತ್ತು: ಹೊಸ ಒಡಂಬಡಿಕೆಯ ಕೊನೆಯ ಪುಸ್ತಕವಾದ ಪ್ರಕಟನೆ ಗ್ರಂಥದ 20ನೆಯ ಅಧ್ಯಾಯದಲ್ಲಿ ಗೋಗ್ ಮಾಗೋಗ್ ಬರುವುದು ಉತ್ತರದಿಂದಲ್ಲ, ಭೂಮಿಯ ನಾಲ್ಕು ದಿಕ್ಕುಗಳಿಂದ.

ದಮಸ್ಕದ ಮಾತನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. 2024ರ ಡಿಸೆಂಬರ್ 8ರಂದು ಸಿರಿಯಾದಲ್ಲಿ ಅಸಾದ್ ಆಡಳಿತ ಕುಸಿದಾಗ ರಿಜಿಸ್ಟರಿನಲ್ಲಿ ಯೆಶಾಯನ 17ನೆಯ ಅಧ್ಯಾಯ ಎರಡನೆಯ ಸಲ ದಾಖಲಾಯಿತು. ಮೊದಲ ದಾಖಲೆ 2013ರದು. ದಮಸ್ಕ ಪಟ್ಟಣವಾಗಿರದೆ ಹಾಳುದಿಬ್ಬವಾಗುವುದು ಎಂಬುದು ಅಲ್ಲಿನ ಮೊದಲ ವಚನ. ಮೂರನೆಯ ವಚನ ಎಫ್ರಾಯೀಮಿನ, ಅಂದರೆ ಉತ್ತರದ ಇಸ್ರಾಯೇಲ್ ರಾಜ್ಯದ, ಕೋಟೆಯೂ ಇಲ್ಲವಾಗುವುದೆಂದು ಹೇಳುತ್ತದೆ. ಯೆಹೂದದ ವಿರುದ್ಧ ದಮಸ್ಕ ಮತ್ತು ಎಫ್ರಾಯೀಮ್ ಒಂದಾಗಿ ನಿಂತಿದ್ದ ಕಾಲಕ್ಕೆ ಹೇಳಿದ ಮಾತಿದು. ಕ್ರಿ.ಪೂ. 732ರಲ್ಲಿ ಅಶ್ಶೂರದ ಮೂರನೆಯ ತಿಗ್ಲತ್ಪಿಲೆಸೆರ್ ದಮಸ್ಕವನ್ನು ಹಿಡಿದು, ಅದರ ಅರಸನನ್ನು ಕೊಂದನು. ದಮಸ್ಕ ಪೂರ್ತಿ ನಿರ್ನಾಮವಾಗಲಿಲ್ಲವಲ್ಲ, ಹಾಗಾಗಿ ವಚನ ಇನ್ನೂ ಬಾಕಿಯಿದೆ ಎಂಬುದು ಹಿರಿಯರ ವಾದ. ಅದಕ್ಕೆ ನಾನು ಯೆಹೆಜ್ಕೇಲನನ್ನೇ ಸಾಕ್ಷಿಗೆ ಕರೆಯುತ್ತೇನೆ. 26ನೆಯ ಅಧ್ಯಾಯದಲ್ಲಿ ಅವನು ಬಾಬೆಲಿನ ಅರಸ ನೆಬೂಕದ್ನೆಚ್ಚರನು ತೂರ್ ಪಟ್ಟಣವನ್ನು ನೆಲಸಮ ಮಾಡುವನೆಂದು ಸಾರುತ್ತಾನೆ. ಸುಮಾರು ಹದಿನಾರು ವರ್ಷ ಕಳೆದ ಮೇಲೆ, 29ನೆಯ ಅಧ್ಯಾಯದಲ್ಲಿ, ತೂರಿನ ಮುತ್ತಿಗೆಯಿಂದ ಆ ಅರಸನಿಗಾಗಲಿ ಸೈನಿಕರಿಗಾಗಲಿ ಕೂಲಿಯೂ ಗಿಟ್ಟಲಿಲ್ಲವೆಂದು ತಾರೀಖು ಹಾಕಿ ಅವನೇ ಹೇಳುತ್ತಾನೆ. ಎರಡೂ ಅಧ್ಯಾಯಗಳನ್ನು ಗ್ರಂಥ ಉಳಿಸಿಕೊಂಡಿದೆ, ಒಂದನ್ನು ಒರೆಸಿ ಇನ್ನೊಂದನ್ನು ಸರಿಪಡಿಸುವ ಗೋಜಿಗೆ ಹೋಗಿಲ್ಲ. ಪ್ರವಾದಿಯ ಮಾತು ಸರ್ವೇಯರನ ವರದಿಯಲ್ಲ ಎಂಬುದು ಆ ಗ್ರಂಥವನ್ನು ಕಾಪಾಡಿದವರಿಗೆ ಗೊತ್ತಿತ್ತು.

ಇಷ್ಟಾದರೂ ಹಿರಿಯರ ಪಕ್ಷದಲ್ಲಿ ಒಂದು ಗಟ್ಟಿ ವಾದವಿದೆ, ಅದನ್ನು ಮುಚ್ಚಿಟ್ಟರೆ ನಾನು ನ್ಯಾಯವಾಗಿ ನಡೆದಂತಾಗುವುದಿಲ್ಲ. ಹೊಸ ಒಡಂಬಡಿಕೆಯೇ ಹಳೆಯ ಮಾತನ್ನು ತನ್ನ ಕಾಲಕ್ಕೆ ಅನ್ವಯಿಸುತ್ತದೆ. ಐಗುಪ್ತದಿಂದ ನನ್ನ ಮಗನನ್ನು ಕರೆದೆನು ಎಂಬ ಹೊಶೇಯನ ಮಾತು ಮೋಶೆಯ ಕಾಲದ ಬಿಡುಗಡೆಯ ನೆನಪು. ಮತ್ತಾಯನು ಅದನ್ನು ಯೇಸುವಿನ ಬಾಲ್ಯಕ್ಕೆ ಹೊಂದಿಸುತ್ತಾನೆ. ಪಂಚಾಶತ್ತಮ ಹಬ್ಬದ ದಿನ ಪೇತ್ರನು, ಯೋವೇಲನು ಹೇಳಿದ್ದು ಇದನ್ನೇ ಎಂದು ಜನರ ಮುಂದೆ ನಿಂತು ಹೇಳುತ್ತಾನೆ. ಆದ್ದರಿಂದ ಪ್ರವಾದನೆ ಮೊದಲ ಕೇಳುಗರ ಕಾಲಕ್ಕೇ ಮುಗಿಯಿತು ಎಂದು ಹೇಳಿ ಕೈತೊಳೆದುಕೊಳ್ಳುವ ನಮ್ಮ ಪಾಠಶಾಲೆಗಳ ರೂಢಿಯನ್ನೂ ನಾನು ಒಪ್ಪಲಾರೆ. 1948ರಲ್ಲಿ ಇಸ್ರೇಲ್ ರಾಷ್ಟ್ರ ಹುಟ್ಟಿದಾಗ, ಒಣ ಎಲುಬುಗಳಿಗೆ ಜೀವ ಬರುವ ಯೆಹೆಜ್ಕೇಲನ 37ನೆಯ ಅಧ್ಯಾಯ ಅನೇಕರ ನೆನಪಿಗೆ ಬಂದದ್ದು ಸಹಜವೇ. ಕೊಂಕಣದ ಬೆನೆ ಇಸ್ರಾಯೇಲ್ ಸಮುದಾಯದಲ್ಲಿ ಹೆಚ್ಚಿನವರು ಆ ಮೇಲಿನ ದಶಕಗಳಲ್ಲಿ ಅಲ್ಲಿಗೆ ಹೋಗಿ ನೆಲೆಸಿದರು, ಅವರ ಪಾಲಿಗೆ ಅದು ಬದುಕಿನ ಪ್ರಶ್ನೆಯಾಗಿತ್ತು. ಗೋಗನ ಯುದ್ಧದ ಭಾಗವನ್ನೂ ಯೆಹೂದ್ಯರು ಪ್ರತಿವರ್ಷ ಪರ್ಣಶಾಲೆಗಳ ಜಾತ್ರೆಯ ಸಬ್ಬತ್ತಿನಂದು ಪಾರಾಯಣ ಮಾಡುತ್ತಾರೆ. ಸಾವಿರಕ್ಕೂ ಹೆಚ್ಚು ವರ್ಷ ಹೀಗೆ ಓದುತ್ತ ಬಂದ ಪಠ್ಯಕ್ಕೆ ಒಂದೇ ತಾರೀಖನ್ನು ಅಂಟಿಸಿ ಮುಗಿಸುವುದು ಯಾರಿಂದಲೂ ಆಗುವ ಕೆಲಸವಲ್ಲ.

ಪ್ರಕಟನೆ ಗ್ರಂಥ ಕಡೆಯ ಯುದ್ಧದ ಸ್ಥಳವೆಂದು ಹೇಳುವ ಹರ್ಮಗೆದೋನ್ ಎಂಬ ಹೆಸರಿಗೂ ಒಂದು ತಾರೀಖು ಬಿದ್ದದ್ದುಂಟು. ಅದು ಮೆಗಿದ್ದೋ ಎಂಬ ದಿಬ್ಬದ ಹೆಸರಿನಿಂದ ಬಂದದ್ದು. 1918ರ ಸೆಪ್ಟೆಂಬರಿನಲ್ಲಿ ಬ್ರಿಟಿಷ್ ದಂಡನಾಯಕ ಅಲೆನ್‌ಬಿ ಒಟ್ಟೋಮನ್ ಸೈನ್ಯವನ್ನು ಸೋಲಿಸಿದ ಕಾರ್ಯಾಚರಣೆಗೆ ಮೆಗಿದ್ದೋ ಯುದ್ಧವೆಂದೇ ಹೆಸರು. ಅದೇ ಕಾರ್ಯಾಚರಣೆಯಲ್ಲಿ, ಸೆಪ್ಟೆಂಬರ್ 23ರಂದು, ಜೋಧಪುರದ ಸವಾರರ ಜತೆಗೆ ಹೈಫಾವನ್ನು ಗೆದ್ದವರು ಮೈಸೂರು ಲ್ಯಾನ್ಸರ್ಸ್. ಹರ್ಮಗೆದೋನಿನ ನೆರೆಯಲ್ಲಿ ಮೈಸೂರಿನ ಕುದುರೆಗಳು ಓಡಿ ನೂರು ವರ್ಷ ದಾಟಿತು, ಲೋಕಾಂತ್ಯವಾಗಲಿಲ್ಲ ಎಂದಾಗ ಹಿರಿಯರೂ ನಕ್ಕರು. ಮೈದುನನು ಇರುವ ಊರು ಹೈಫಾ ಎಂದು ಆ ಹೆಣ್ಣುಮಗಳು ಮಾತ್ರ ನಗಲಿಲ್ಲ.

ಅವರಿಗೆ ನಾನು ಕೊಟ್ಟ ಉತ್ತರ ಯೋನನ ಪುಸ್ತಕದಿಂದ. ಇನ್ನು ನಲ್ವತ್ತು ದಿನಗಳಲ್ಲಿ ನಿನೆವೆ ಕೆಡವಲ್ಪಡುವುದು ಎಂದು ಯೋನ ಸಾರಿದನು, ಅದರಲ್ಲಿ ‘ಒಂದು ವೇಳೆ’ ಎಂಬ ಪದವೇ ಇರಲಿಲ್ಲ. ಜನರು ಗೋಣಿತಟ್ಟು ಉಟ್ಟು ಪಶ್ಚಾತ್ತಾಪಪಟ್ಟರು, ಪಟ್ಟಣ ಉಳಿಯಿತು, ಸಿಟ್ಟಾದವನು ಪ್ರವಾದಿ ಒಬ್ಬನೇ. ಯೆರೆಮೀಯನ 18ನೆಯ ಅಧ್ಯಾಯ ಇದನ್ನು ನಿಯಮವಾಗಿಯೇ ಹೇಳುತ್ತದೆ: ಒಂದು ಜನಾಂಗವನ್ನು ಕಿತ್ತುಹಾಕುವೆನೆಂದು ದೇವರು ಹೇಳಿದ ಮೇಲೆ ಆ ಜನಾಂಗ ತನ್ನ ಕೆಟ್ಟತನವನ್ನು ಬಿಟ್ಟರೆ, ದೇವರೂ ಮನಸ್ಸು ಬದಲಿಸುತ್ತಾನೆ. ಮೈಲಾರದ ಕಾರ್ಣಿಕದಲ್ಲಿ ಗೊರವಯ್ಯ ಬಿಲ್ಲನ್ನೇರಿ ‘ಸದ್ದಲೇ’ ಎಂದು ಕೂಗಿ ನುಡಿಯುವ ಒಂದು ಸಾಲನ್ನು ಜನರು ಮಳೆಗೂ ಬೆಳೆಗೂ ರಾಜಕೀಯಕ್ಕೂ ಹೊಂದಿಸುವುದನ್ನು ನಾವು ಬಲ್ಲೆವು. ಆ ಸಾಲಿಗೆ ವಿಳಾಸವಿಲ್ಲ, ಅದೇ ಅದರ ಸೊಗಸು. ಯೆಶಾಯ, ಯೆರೆಮೀಯರ ಮಾತಿಗೆ ವಿಳಾಸವಿದೆ, ಅರಸನ ಹೆಸರಿದೆ, ಕೇಳಿದವನು ಮಾಡಬೇಕಾದ ಕೆಲಸವೂ ಇದೆ. ನಿಲ್ಲಲಿ ಎಂದು ಪ್ರಾರ್ಥಿಸಿ, ಅದಕ್ಕಾಗಿಯೇ ಪ್ರವಾದಿಗಳು ಕೂಗಿದ್ದು ಎಂದು ಆಕೆಗೆ ಹೇಳಿದೆ. ಬಾಬೆಲಿನಲ್ಲಿ ಸೆರೆಯಾಗಿದ್ದವರಿಗೂ ಯೆರೆಮೀಯ ಬರೆದದ್ದು, ನೀವಿರುವ ಆ ಶತ್ರುಪಟ್ಟಣದ ಕ್ಷೇಮಕ್ಕಾಗಿಯೇ ಪ್ರಾರ್ಥಿಸಿ ಎಂದು.

ಹಾಗಾದರೆ ಇಂದಿನ ಯುದ್ಧಗಳಿಗೆ ಅನ್ವಯಿಸುವ ಪ್ರವಾದನೆಯೇ ಇಲ್ಲವೇ ಎಂದು ಹಿರಿಯರು ಕೇಳಿದರು. ಇದೆ, ನನ್ನ ಮಟ್ಟಿಗೆ ಅದು ಆಮೋಸನ ಮೊದಲ ಎರಡು ಅಧ್ಯಾಯ. ಗಿಲ್ಯಾದಿನವರನ್ನು ಕಬ್ಬಿಣದ ಹಂತಿಕುಂಟೆಗಳಿಂದ ತುಳಿಸಿದ್ದಕ್ಕೆ ದಮಸ್ಕ, ಊರಿಗೆ ಊರನ್ನೇ ಸೆರೆಹಿಡಿದು ಮಾರಿದ್ದಕ್ಕೆ ಗಾಜ, ಗಡಿ ವಿಸ್ತರಿಸಲು ಗರ್ಭಿಣಿಯರ ಹೊಟ್ಟೆ ಸೀಳಿದ್ದಕ್ಕೆ ಅಮ್ಮೋನ್, ಎದೋಮಿನ ಅರಸನ ಎಲುಬುಗಳನ್ನು ಸುಟ್ಟು ಸುಣ್ಣ ಮಾಡಿದ್ದಕ್ಕೆ ಮೋವಾಬ್ ದೇವರ ನ್ಯಾಯಸ್ಥಾನದಲ್ಲಿ ನಿಲ್ಲುತ್ತವೆ. ಕೊನೆಯ ಆರೋಪದಲ್ಲಿ ಸುಟ್ಟವನೂ ಸತ್ತವನೂ ಇಸ್ರಾಯೇಲ್ಯರಲ್ಲ ಎಂಬುದನ್ನು ಗಮನಿಸಬೇಕು. ‘ಗೋಗನಿಗೆ ಹಳೆಯ ವಿಳಾಸ, ಆಮೋಸನಿಗೆ ಮಾತ್ರ ಹೊಸ ವಿಳಾಸವೇ? ಇದು ಯಾವ ನ್ಯಾಯ?’ ಎಂದು ಅವರು ಪಟ್ಟು ಹಿಡಿದರು. ಪ್ರಶ್ನೆ ಸರಿಯಾಗಿಯೇ ಇತ್ತು. ಜನಾಂಗದ ಹೆಸರು ಎರಡೂವರೆ ಸಾವಿರ ವರ್ಷ ದಾಟಿ ಬೇರೆಯವರ ಹಣೆಗೆ ಅಂಟುವುದಿಲ್ಲ, ಆದರೆ ಆಮೋಸನು ಹೆಸರಿಸಿದ ಕೃತ್ಯವನ್ನು ಯಾರು ಮಾಡಿದರೂ ಅದು ಅದೇ ಕೃತ್ಯವಾಗಿರುತ್ತದೆ ಎಂದು ನಾನು ವಾದಿಸಿದೆ. 2023ರ ಅಕ್ಟೋಬರ್ 7ರ ಕಗ್ಗೊಲೆ ಮತ್ತು ಅಪಹರಣಗಳನ್ನೂ, ಅದೇ ತಿಂಗಳ 19ರಂದು ಗಾಜಾದ ಪುರಾತನ ಸಂತ ಪೋರ್ಫಿರಿಯಸ್ ಚರ್ಚಿನ ಆವರಣದಲ್ಲಿ ಆಶ್ರಯ ಪಡೆದಿದ್ದವರು ದಾಳಿಯಲ್ಲಿ ಸತ್ತದ್ದನ್ನೂ ಆ ಅಧ್ಯಾಯಗಳ ಎದುರಿಗಿಟ್ಟು ಓದಬೇಕೆಂದೆ.

ಅವರು ಒಪ್ಪಲಿಲ್ಲ, ಆದರೆ ಓದೋಣ ಎಂದರು. ತಿಂಗಳಿಗೊಂದು ಭಾನುವಾರ ಈಗ ಆಮೋಸನನ್ನು ಓದುತ್ತಿದ್ದೇವೆ. ದಮಸ್ಕ, ಗಾಜ, ತೂರ್, ಎದೋಮ್, ಅಮ್ಮೋನ್, ಮೋವಾಬ್‌ಗಳಿಗೆ ಹಿರಿಯರು ಉತ್ಸಾಹದಿಂದ ತುಣುಕುಗಳನ್ನು ತಂದರು. ಎರಡನೆಯ ಅಧ್ಯಾಯದ ನಾಲ್ಕನೆಯ ವಚನದಲ್ಲಿ ಆಮೋಸನ ಬೆರಳು ಯೆಹೂದದ ಕಡೆಗೂ, ಆರನೆಯ ವಚನದಲ್ಲಿ ಇಸ್ರಾಯೇಲಿನ ಕಡೆಗೂ ತಿರುಗುತ್ತದೆ. ಕಳೆದ ಸಲ ಆ ವಚನಗಳಿಗೆ ಬಂದಾಗ ಅವರು ರಿಜಿಸ್ಟರನ್ನು ಮುಚ್ಚಿ, ಕನ್ನಡಕ ತೆಗೆದು, ಇವು ಆ ಕಾಲದವರಿಗೆ ಮಾತ್ರ ಹೇಳಿದ ಮಾತುಗಳು ಎಂದರು.