‘ಏನಿಲ್ಲ, ಸುಮ್ನೆ ಬೋರ್’: ಅಲೆಕ್ಸಿಥೈಮಿಯಾ ಮತ್ತು ಇಂಟರ್‌ನೆಟ್ ಚಟ

ಸೈಕಾಲಜಿ ಪಾಠಗಳಲ್ಲಿ ಇವೆರಡೂ ಬೇರೆ ಬೇರೆ ಕಡೆ ಬರುತ್ತವೆ. ಜೋಡಿಸಿ ಓದಿದರೆ ಬೇಗ ತಲೆಗೆ ಹತ್ತುತ್ತದೆ.

ಅಲೆಕ್ಸಿಥೈಮಿಯಾ ಎಂದರೆ ಭಾವನೆಯೇ ಇಲ್ಲ ಅಂತಲ್ಲ. ಭಾವನೆ ಇರುತ್ತದೆ, ಮೈಗೂ ಗೊತ್ತಾಗುತ್ತದೆ. ಅದು ಭಯವೋ, ಬೇಜಾರೋ, ಅವಮಾನವೋ ಎಂದು ಗುರುತು ಸಿಗುವುದಿಲ್ಲ. ಇದು ಕಾಯಿಲೆಯಲ್ಲ, ಕೆಲವರಲ್ಲಿ ಜಾಸ್ತಿ, ಕೆಲವರಲ್ಲಿ ಕಡಿಮೆ ಇರುವ ಗುಣ. 1970ರ ದಶಕದ ಶುರುವಿನಲ್ಲಿ ಬಾಸ್ಟನ್‌ನ ಮನೋವೈದ್ಯ ಪೀಟರ್ ಸಿಫ್ನಿಯೋಸ್ ಈ ಹೆಸರು ಕೊಟ್ಟರು.

ಅಳೆಯಲು ಹೆಚ್ಚಾಗಿ ಬಳಸುವುದು 1994ರ ಟೊರೊಂಟೊ ಮಾಪಕ, ಅಂದರೆ ಟಿಎಎಸ್-20. ಅದರ 20 ಹೇಳಿಕೆಗಳಲ್ಲಿ 7 ಭಾವನೆ ಗುರುತಿಸುವ ಕಷ್ಟದ ಬಗ್ಗೆ, 5 ಅದನ್ನು ಹೇಳಿಕೊಳ್ಳುವ ಕಷ್ಟದ ಬಗ್ಗೆ. ಉಳಿದ 8 ಒಳಗಿನದಕ್ಕಿಂತ ಹೊರಗಿನ ಸಂಗತಿಗಳ ಮೇಲೇ ಗಮನ ಇಡುವ ಅಭ್ಯಾಸದ ಬಗ್ಗೆ. ಒಟ್ಟು ಅಂಕ 61 ಅಥವಾ ಹೆಚ್ಚು ಬಂದರೆ ಅಲೆಕ್ಸಿಥೈಮಿಯಾ ಇದೆ ಎಂದು ಲೆಕ್ಕ. ಇಂಟರ್‌ನೆಟ್ ಚಟ ಅಳೆಯಲು ಅಮೆರಿಕದ ಮನೋವಿಜ್ಞಾನಿ ಕಿಂಬರ್ಲಿ ಯಂಗ್ ಅವರ 20 ಪ್ರಶ್ನೆಗಳ ಪರೀಕ್ಷೆ ಇದೆ.

ಈಗ ನಂಟು ಎಲ್ಲಿದೆ ನೋಡೋಣ. ಇಂಟರ್ನಲ್ಸ್ ಮಾರ್ಕ್ಸ್ ಹಾಕಿದ ಸಂಜೆ ಹಾಸ್ಟೆಲ್ ಹುಡುಗನೊಬ್ಬ ಎದೆ ಬಿಗಿ ಹಿಡಿದು ಕೂತಿದ್ದಾನೆ ಎಂದುಕೊಳ್ಳಿ. ರೂಮ್‌ಮೇಟ್ ‘ಏನಾಯ್ತೋ’ ಅಂದರೆ ‘ಏನಿಲ್ಲ, ಸುಮ್ನೆ ಬೋರ್’ ಅಂತಾನೆ. ಸುಳ್ಳಲ್ಲ, ಅವನಿಗೆ ಸಿಕ್ಕ ಮಾತೇ ಅದು. ಅಪ್ಪನಿಗೆ ಹೇಗೆ ಹೇಳಲಿ ಎಂಬ ಭಯ ಅಂತ ಗೊತ್ತಾಗಿದ್ದರೆ ಯಾರ ಹತ್ತಿರವಾದರೂ ಮಾತಾಡುತ್ತಿದ್ದ. ಬೋರ್ ಆದರೆ? ರೀಲ್ಸ್ ಇದೆಯಲ್ಲ! ನೋಡುತ್ತಾ ಬಿಗಿತ ಸ್ವಲ್ಪ ಸಡಿಲವಾಗುತ್ತದೆ. ಕಷ್ಟ ದೂರವಾಗಿದ್ದಕ್ಕೇ ಅಭ್ಯಾಸ ಗಟ್ಟಿಯಾಗುತ್ತದೆ. ಪಾಠದ ಭಾಷೆಯಲ್ಲಿ ಇದು ಋಣಾತ್ಮಕ ಪುನರ್ಬಲನ. ಭಯ ಮಾತ್ರ ಇದ್ದಲ್ಲೇ ಇರುತ್ತದೆ, ಮೊಬೈಲ್ ಕೆಳಗಿಟ್ಟ ಕೂಡಲೇ ಮತ್ತೆ ಹಾಜರ್. ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಇದೇ. ದಿನಕ್ಕೆ ಎಷ್ಟು ಗಂಟೆ ಎಂಬುದಕ್ಕಿಂತ ಯಾವ ಹೊತ್ತಿನಲ್ಲಿ ಕೈ ಮೊಬೈಲ್‌ಗೆ ಹೋಗುತ್ತದೆ ಎಂಬುದು ಹೆಚ್ಚು ಹೇಳುತ್ತದೆ.

ಕಾಲೇಜು ವಿದ್ಯಾರ್ಥಿಗಳ ಅಧ್ಯಯನಗಳಲ್ಲಿ ಎರಡೂ ಅಂಕಗಳು ಸಾಮಾನ್ಯವಾಗಿ ಒಟ್ಟಿಗೇ ಏರುತ್ತವೆ. ಆದರೆ ಹೆಚ್ಚಿನವು ಒಂದೇ ಸಲ ಅಳೆದು ಮುಗಿಸಿದವು. ಯಾವುದು ಮೊದಲು ಎಂದು ಅವುಗಳಿಂದ ಹೇಳಲಾಗದು. ಖಿನ್ನತೆಯೋ ಆತಂಕವೋ ಈ ಎರಡೂ ಅಂಕಗಳನ್ನು ಏರಿಸಿರಬಹುದು. ಉತ್ತರದಲ್ಲಿ ‘ಕಾರಣ’ ಎಂದು ಬರೆಯಬೇಡಿ, ‘ಸಂಬಂಧ’ ಎನ್ನಿ.

ಇನ್ನೊಂದು ಗೊಂದಲ: ಅಮೆರಿಕದ ಮನೋವೈದ್ಯರ ಸಂಘದ ರೋಗಪಟ್ಟಿ ಡಿಎಸ್‌ಎಂ-5ರಲ್ಲಿ (2013) ‘ಇಂಟರ್‌ನೆಟ್ ಚಟ’ ಎಂಬ ರೋಗ ಇಲ್ಲ. ಇಂಟರ್‌ನೆಟ್ ಗೇಮಿಂಗ್ ಮಾತ್ರ, ಅದೂ ಮುಂದಿನ ಅಧ್ಯಯನ ಬೇಕಾದವುಗಳ ಪಟ್ಟಿಯಲ್ಲಿದೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿ ಐಸಿಡಿ-11ರಲ್ಲಿ ಗೇಮಿಂಗ್ ಡಿಸಾರ್ಡರ್ ಇದೆ. ಹಾಗಂತ ಕಷ್ಟ ಸುಳ್ಳಲ್ಲ. ಬೆಂಗಳೂರಿನ ನಿಮ್ಹಾನ್ಸ್ 2014ರಿಂದ ಇದಕ್ಕಾಗಿಯೇ ‘ಶಟ್’ ಕ್ಲಿನಿಕ್ ನಡೆಸುತ್ತಿದೆ. ಮನಸ್ಸಿನ ಯಾವುದೇ ಕಷ್ಟಕ್ಕೆ ಸರ್ಕಾರಿ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಫೋನ್ ಮಾಡಬಹುದು.

ವೈವಾದಲ್ಲಿ ಕೇಳಬಹುದಾದ ತಮಾಷೆಯ ಪ್ರಶ್ನೆಯೊಂದಿದೆ. ತನ್ನ ಭಾವನೆಯೇ ಗೊತ್ತಾಗದವನು ಭಾವನೆಯ ಬಗೆಗಿನ ಪ್ರಶ್ನಾವಳಿಯನ್ನು ಸರಿಯಾಗಿ ತುಂಬುವುದು ಹೇಗೆ? ಟಿಎಎಸ್-20 ತಯಾರಿಸಿದವರೇ 2006ರಲ್ಲಿ ಎದುರು ಕೂತು ಉದಾಹರಣೆ ಕೇಳುವ ಸಂದರ್ಶನವನ್ನೂ ರೂಪಿಸಿದ್ದಾರೆ. ಅಲ್ಲಿ ಟಿಕ್ ಹಾಕಿ ಎದ್ದು ಹೋಗುವಂತಿಲ್ಲ.