ಸೆವೆನ್ತ್ ಕಾರ್ಡ್: ಎಲ್ಲಾ ಇರೋದು ನಿಷಾದದಲ್ಲಿ

ಮಡಿಕೇರಿಯಲ್ಲಿ ನಮ್ಮ ಜೊತೆ ಕಲಿಯುವವರಲ್ಲಿ ಕೆಲವರು ಮೊದಲು ಕರ್ನಾಟಕ ಸಂಗೀತ ಕಲಿತವರು, ಕೆಲವರು ನೇರವಾಗಿ ಗಿಟಾರ್ ಹಿಡಿದವರು. ಇಬ್ಬರಿಗೂ ಹೊಂದುವ ಹಾಗೆ ಈ ಟಿಪ್ಪಣಿ ಬರೆದಿದ್ದೇನೆ.

ಕಾರ್ಡ್ ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪು. ಅದನ್ನು ಕಟ್ಟುವುದು ಒಂದು ಬಿಟ್ಟು ಒಂದು ಸ್ವರ ತೆಗೆದುಕೊಂಡು. ಸ, ಗ, ಪ ಸೇರಿದರೆ ಮಾಮೂಲಿ ಕಾರ್ಡ್. ಅದೇ ಲೆಕ್ಕದಲ್ಲಿ ದ ಬಿಟ್ಟು ನಿ ಸೇರಿಸಿ, ಸೆವೆನ್ತ್ ಕಾರ್ಡ್ ಆಯಿತು. ಸ ದಿಂದ ಎಣಿಸಿದರೆ ನಿ ಏಳನೆಯದು ಅಲ್ವಾ, ಹೆಸರು ಬಂದಿದ್ದು ಅಲ್ಲಿಂದ.

ಆದರೆ ಯಾವ ನಿ? ಇದನ್ನು ಕಿವಿಯಿಂದಲೇ ತಿಳಿಯಬೇಕು. ಗಿಟಾರ್‌ನಲ್ಲಿ ಜಿ ಮೇಜರ್ ಹಿಡಿಯಿರಿ, ಇಲ್ಲಿ ಜಿ ನಮ್ಮ ಸ. ಎಲ್ಲಕ್ಕಿಂತ ಸಣ್ಣ ತಂತಿಯಲ್ಲಿ ಬೆರಳು 3ನೇ ಫ್ರೆಟ್‌ನಲ್ಲಿ (ಗಿಟಾರ್ ಕತ್ತಿನ ಮೇಲಿನ 3ನೇ ಮನೆಯಲ್ಲಿ) ಇರುತ್ತದೆ. ಉಳಿದದ್ದು ಹಾಗೇ ಇಟ್ಟು ಆ ತಂತಿಯಲ್ಲಿ ಮಾತ್ರ 2ನೇ ಫ್ರೆಟ್ ಒತ್ತಿ. ಎಫ್ ಶಾರ್ಪ್ ಬಂತು, ಅಂದರೆ ಕಾಕಲಿ ನಿಷಾದ. ಇದು ಜಿ ಮೇಜರ್ ಸೆವೆನ್ತ್. ಈಗ 1ನೇ ಫ್ರೆಟ್. ಎಫ್ ಬಂತು, ಕೈಶಿಕಿ ನಿಷಾದ. ಇದು ಜಿ ಸೆವೆನ್, ಡಾಮಿನೆಂಟ್ ಸೆವೆನ್ತ್. ಒಂದು ಫ್ರೆಟ್‌ನಷ್ಟು ಅಂತರಕ್ಕೆ ಸೆಮಿಟೋನ್ ಅನ್ನುತ್ತಾರೆ. ಮೊದಲನೆಯದರಲ್ಲಿ ನಿ ಸ ದಿಂದ 11 ಸೆಮಿಟೋನ್ ಮೇಲೆ, ಎರಡನೆಯದರಲ್ಲಿ 10. ವ್ಯತ್ಯಾಸ ಒಂದೇ ಫ್ರೆಟ್, ಆದ್ದರಿಂದ ಶ್ರುತಿ ಸರಿ ಇರಲೇಬೇಕು. ನಮ್ಮೂರಿನ ಮಳೆಗಾಲದ ಥಂಡಿಗೆ ತಂತಿ ತುಕ್ಕು ಹಿಡಿಯುತ್ತದೆ, ಪ್ರತಿ ಸಲ ಶ್ರುತಿ ನೋಡಿಕೊಂಡೇ ಶುರು ಮಾಡಿ.

ಗಾಂಧಾರ ಬದಲಾದರೆ ಇನ್ನೂ ಎರಡು ಸಿಗುತ್ತವೆ. ಸಾಧಾರಣ ಗಾಂಧಾರಕ್ಕೆ (ಸ ದಿಂದ 3 ಸೆಮಿಟೋನ್ ಮೇಲಿನ ಗ) ಕೈಶಿಕಿ ನಿ ಸೇರಿದರೆ ಮೈನರ್ ಸೆವೆನ್ತ್. ಅದಕ್ಕೇ ಕಾಕಲಿ ನಿ ಸೇರಿದರೆ ಮೈನರ್ ಮೇಜರ್ ಸೆವೆನ್ತ್. ಇದು ಹಾಡುಗಳಲ್ಲಿ ಅಪರೂಪ, ಸದ್ಯಕ್ಕೆ ಬಿಡಿ. ಮೈನರ್ ಸೆವೆನ್ತ್‌ನ ಪಂಚಮವನ್ನು ಒಂದು ಸೆಮಿಟೋನ್ ಇಳಿಸಿದರೆ ಹಾಫ್ ಡಿಮಿನಿಶ್ಡ್. ನಿಷಾದವನ್ನೂ ಇನ್ನೊಂದು ಇಳಿಸಿದರೆ ಪೂರ್ತಿ ಡಿಮಿನಿಶ್ಡ್ ಸೆವೆನ್ತ್. ಅದರಲ್ಲಿ ಎಲ್ಲಾ ಅಂತರವೂ 3 ಸೆಮಿಟೋನ್. ಹಾಗಾಗಿ ಯಾವ ಸ್ವರದಿಂದ ಶುರು ಮಾಡಿದರೂ ಕೈಗೆ ಸಿಗುವುದು ಮೂರೇ ಬೇರೆ ಬೇರೆ ಗುಂಪು. ಕೀಬೋರ್ಡ್ ಇರುವವರು ಒತ್ತಿ ನೋಡಿ, ನನಗಂತೂ ಇದು ತುಂಬಾ ಇಷ್ಟ.

ಬರೆಯುವಾಗ ಒಂದು ಎಚ್ಚರ. ಸಿ ಸೆವೆನ್‌ನ ನಿಷಾದವನ್ನು ಎ ಶಾರ್ಪ್ ಅಂತ ಬರೆಯಬೇಡಿ, ಬಿ ಫ್ಲಾಟ್ ಅಂತಲೇ ಬರೆಯಿರಿ. ಒತ್ತುವ ಕೀ ಒಂದೇ. ಆದರೆ ಸಿ ಯಿಂದ ಏಳನೇ ಅಕ್ಷರ ಬಿ.

ಇನ್ನು ಡಾಮಿನೆಂಟ್ ಸೆವೆನ್ತ್‌ಗೆ ಯಾಕಿಷ್ಟು ಮರ್ಯಾದೆ? ಸಿ ಮೇಜರ್ ಸ್ಕೇಲ್, ಅಂದರೆ ನಮ್ಮ ಶಂಕರಾಭರಣ ರಾಗದ ಸ್ವರಗಳಲ್ಲೇ ಏಳು ಸೆವೆನ್ತ್ ಕಾರ್ಡ್ ಕಟ್ಟಿದರೆ, ಡಾಮಿನೆಂಟ್ ಬರುವುದು ಜಿ ಮೇಲೆ ಮಾತ್ರ. ಅದರ ಗ ಮತ್ತು ನಿ, ಅಂದರೆ ಬಿ ಮತ್ತು ಎಫ್, 6 ಸೆಮಿಟೋನ್ ದೂರ. ಕೇಳಿದರೆ ಎಲ್ಲಿಗೋ ಹೋಗಬೇಕು ಅನ್ನಿಸುತ್ತದೆ. ಜಿ ಸೆವೆನ್ ನುಡಿಸಿ ತಕ್ಷಣ ಸಿ ಮೇಜರ್ ಹಿಡಿಯಿರಿ. ಸಣ್ಣ ತಂತಿಯ ಎಫ್ ಇಳಿದು ಇ ಆಯಿತು, ಎರಡನೇ ತಂತಿಯ ಬಿ ಏರಿ ಸಿ ಆಯಿತು. ಎರಡೂ ಒಂದೊಂದೇ ಫ್ರೆಟ್ ಸರಿದವು.

ಇದನ್ನೇ ಡಿ ಸೆವೆನ್‌ನಿಂದ ಜಿ ಮೇಜರ್‌ಗೆ ಮಾಡಿ. ಅವೇ ಎರಡು ತಂತಿ, ಆದರೆ ಈ ಸಲ ಸಣ್ಣ ತಂತಿಯಲ್ಲಿರುವುದು ಗ, ಅದು ಏರುತ್ತದೆ. ಎರಡನೆಯದರಲ್ಲಿರುವ ನಿ ಇಳಿಯುತ್ತದೆ. ಬೆರಳು ನೋಡದೆ ಎರಡೇ ತಂತಿ ಮೀಟಿ ಕೇಳಿ.