ಜರ್ಮನಿಯ ಟಿ.ವಿ. ಪ್ರಶಸ್ತಿಗೆ ಶಿಕ್ಷಣ ಮಂತ್ರಿಯ ಹೆಸರೇಕೆ?

ಪ್ರಶ್ನೆ: ಜರ್ಮನಿಯ ಒಳ್ಳೆಯ ಟಿ.ವಿ. ಚಿತ್ರ, ಸಾಕ್ಷ್ಯಚಿತ್ರಗಳ ಬಗ್ಗೆ ಓದುವಾಗ ‘ಗ್ರಿಮ್ಮೆ ಪ್ರಶಸ್ತಿ ಪಡೆದದ್ದು’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಹುಡುಕಿ ನೋಡಿದರೆ ಗ್ರಿಮ್ಮೆ ನಟರೂ ಅಲ್ಲ, ನಿರ್ದೇಶಕರೂ ಅಲ್ಲ, ಶಿಕ್ಷಣ ಮಂತ್ರಿ! ಟಿ.ವಿ.ಗೂ ಅವರಿಗೂ ಏನು ನಂಟು?

ಉತ್ತರ: ಮೊದಲು ಒಂದು ಗೊಂದಲ ಬಿಡಿಸಿಬಿಡೋಣ. ಅಜ್ಜಿಕಥೆಗಳನ್ನು ಸಂಗ್ರಹಿಸಿದ ಗ್ರಿಮ್ ಸಹೋದರರು ಬೇರೆ, ಇವರು ಬೇರೆ. ಅಡಾಲ್ಫ್ ಗ್ರಿಮ್ಮೆ ಎರಡು ಸಲ ಶಿಕ್ಷಣ ಮಂತ್ರಿಯಾಗಿದ್ದವರು. ಆ ಎರಡರ ನಡುವೆ ನಾಜಿಗಳ ಸೆರೆಮನೆಯಲ್ಲಿದ್ದರು. ಕೊನೆಯಲ್ಲಿ ಅವರು ಹಿಡಿದ ಹುದ್ದೆಯಲ್ಲಿ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರವಿದೆ. ಉಳಿದರ್ಧ ಒಂದು ಕಲ್ಲಿದ್ದಲಿನ ಊರಿನಲ್ಲಿದೆ.

ಹುಟ್ಟಿದ್ದು 1889ರ ಡಿಸೆಂಬರ್ 31ರಂದು, ಹಾರ್ಟ್ಸ್ ಬೆಟ್ಟಗಳ ಅಂಚಿನ ಗೋಸ್ಲಾರ್‌ನಲ್ಲಿ. ತತ್ತ್ವಶಾಸ್ತ್ರ ಓದಿ ಮೇಷ್ಟ್ರಾದರು. ರಾಜಕೀಯದಲ್ಲಿ ಸೋಷಿಯಲ್ ಡೆಮಾಕ್ರಾಟ್, ನಂಬಿಕೆಯಲ್ಲಿ ಗಾಢ ಕ್ರೈಸ್ತ. ಸಮಾಜವಾದಿಯಾದವನು ಕ್ರೈಸ್ತನಾಗಿರಬಹುದು, ಕ್ರೈಸ್ತನಾದವನು ಸಮಾಜವಾದಿಯಾಗಿರಲೇಬೇಕು ಎಂಬ ಅವರ ಮಾತು ಪ್ರಸಿದ್ಧ. 1930ರಲ್ಲಿ ಜರ್ಮನಿಯ ಅತಿ ದೊಡ್ಡ ರಾಜ್ಯವಾದ ಪ್ರಷ್ಯದ ಸಂಸ್ಕೃತಿ ಮತ್ತು ಶಿಕ್ಷಣ ಮಂತ್ರಿಯಾದರು. ಎರಡೂವರೆ ವರ್ಷ ಅಷ್ಟೆ. 1932ರ ಜುಲೈ 20ರಂದು ಚಾನ್ಸಲರ್ ಪಾಪೆನ್ ಪ್ರಷ್ಯದ ಸರ್ಕಾರವನ್ನೇ ಕಿತ್ತುಹಾಕಿದ. ಮುಂದಿನ ವರ್ಷ ಹಿಟ್ಲರ್ ಬಂದ. ನಿನ್ನೆಯವರೆಗೆ ಮಂತ್ರಿಯಾಗಿದ್ದವರು ಒಂದು ಪ್ರಕಾಶನ ಸಂಸ್ಥೆಯಲ್ಲಿ ಕರಡು ತಿದ್ದುತ್ತ ಹೊಟ್ಟೆ ಹೊರೆದರು.

ಆಡಾಮ್ ಕುಕ್‌ಹೋಫ್ ಎಂಬ ಬರಹಗಾರ ಅವರಿಗೆ ವಿದ್ಯಾರ್ಥಿ ದಿನಗಳಿಂದಲೂ ಗೆಳೆಯ. ಹಿಟ್ಲರನ ವಿರುದ್ಧ ಗುಟ್ಟಾಗಿ ಕೆಲಸ ಮಾಡುತ್ತಿದ್ದ ಬರ್ಲಿನ್‌ನ ಗುಂಪೊಂದರಲ್ಲಿ ಕುಕ್‌ಹೋಫ್ ಇದ್ದರು. ನಾಜಿಗಳ ಗುಪ್ತ ಪೊಲೀಸ್ ಪಡೆ ಗೆಸ್ಟಾಪೊ ಆ ಗುಂಪಿಗೆ ‘ಕೆಂಪು ವಾದ್ಯವೃಂದ’ ಎಂದು ಹೆಸರಿಟ್ಟಿತ್ತು. 1942ರಲ್ಲಿ ಬಂಧನಗಳು ಶುರುವಾದಾಗ ಗ್ರಿಮ್ಮೆ ಕೂಡ ಸಿಕ್ಕಿಬಿದ್ದರು. ಮರುವರ್ಷ ಮಿಲಿಟರಿ ನ್ಯಾಯಾಲಯ ಅವರಿಗೆ ಮೂರು ವರ್ಷ ಕಠಿಣ ಸಜೆ ವಿಧಿಸಿತು. ಅಪರಾಧ ಏನು ಗೊತ್ತೆ? ರಾಜದ್ರೋಹದ ಸಂಗತಿ ಗೊತ್ತಿದ್ದೂ ಪೊಲೀಸರಿಗೆ ತಿಳಿಸಲಿಲ್ಲ ಎಂಬುದು. ಗೆಳೆಯನ ಮೇಲೆ ಚಾಡಿ ಹೇಳಲಿಲ್ಲ, ಅದಕ್ಕೇ ಜೈಲು. ಅಕ್ಕಪಕ್ಕದವರು, ಸಹೋದ್ಯೋಗಿಗಳು ಒಬ್ಬರ ಮೇಲೊಬ್ಬರು ದೂರು ಕೊಡುತ್ತಿದ್ದ ದೇಶದಲ್ಲಿ ಬಾಯಿ ಮುಚ್ಚಿಕೊಂಡಿರುವುದಕ್ಕೂ ಎಷ್ಟು ಎದೆಗಾರಿಕೆ ಬೇಕಿತ್ತು! ಅವರ ಬದುಕಿನಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಆ ಮೌನವೇ. ಕುಕ್‌ಹೋಫ್ ಅವರನ್ನು 1943ರ ಆಗಸ್ಟ್ 5ರಂದು ಪ್ಲೋಟ್ಸೆನ್‌ಸೇ ಸೆರೆಮನೆಯಲ್ಲಿ ಕೊಂದರು.

1945ರಲ್ಲಿ ಬಿಡುಗಡೆಯಾಯಿತು. ಅದೇ ವರ್ಷ ಗ್ರಿಮ್ಮೆ, ಕುಕ್‌ಹೋಫರ ಪತ್ನಿ ಗ್ರೇಟಾ ಮತ್ತು ಬರಹಗಾರ ಗುಂಥರ್ ವೈಸೆನ್‌ಬೋರ್ನ್ ಸೇರಿ, ತಮ್ಮ ಗುಂಪಿನ ವಿರುದ್ಧ ಅಭಿಯೋಜಕನಾಗಿದ್ದ ಮಾನ್‌ಫ್ರೆಡ್ ರೋಡರ್ ಮೇಲೆ ದೂರು ಕೊಟ್ಟರು. ಪ್ರಕರಣ ವರ್ಷಗಟ್ಟಲೆ ಎಳೆದಾಡಿ, 1951ರಲ್ಲಿ ಲ್ಯೂನೆಬುರ್ಗ್‌ನಲ್ಲಿ ಮುಚ್ಚಿಹೋಯಿತು. ರೋಡರ್ ಸುಮ್ಮನಿರಲಿಲ್ಲ. ಇವರೆಲ್ಲ ದೇಶದ್ರೋಹಿಗಳು ಎಂಬ ಹಳೆಯ ಆರೋಪವನ್ನೇ ಪುಸ್ತಿಕೆಯಾಗಿ ಅಚ್ಚುಹಾಕಿಸಿ ಹಂಚಿದ. ಹಿಟ್ಲರ್ ಸತ್ತ ಮೇಲೂ ಪಶ್ಚಿಮ ಜರ್ಮನಿಯಲ್ಲಿ ಆ ಕಳಂಕ ಹೊತ್ತೇ ಈ ಜನ ಬಾಳಬೇಕಾಯಿತು. ಇದು ನೆನೆದಾಗಲೆಲ್ಲ ಸಂಕಟವಾಗುತ್ತದೆ.

ಜರ್ಮನಿಯಲ್ಲಿ ಶಾಲೆ ರಾಜ್ಯಗಳ ಹೊಣೆ. ಪಶ್ಚಿಮ ಜರ್ಮನಿಯ ಕೇಂದ್ರ ಸರ್ಕಾರದಲ್ಲಿ ಶಿಕ್ಷಣದ ಹೆಸರಿನ ಸಚಿವಾಲಯ ಬಂದದ್ದೇ 1969ರಲ್ಲಿ. ಹೀಗಾಗಿ ಗ್ರಿಮ್ಮೆ ಎರಡನೇ ಸಲ ಮಂತ್ರಿಯಾದದ್ದು 1946ರಲ್ಲಿ ಹೊಸದಾಗಿ ರೂಪುಗೊಂಡ ಲೋವರ್ ಸ್ಯಾಕ್ಸನಿ ರಾಜ್ಯಕ್ಕೆ. ಬಾಂಬಿಗೆ ಬಿದ್ದ ಕಟ್ಟಡಗಳು, ಪೂರ್ವದಿಂದ ಹರಿದುಬಂದ ನಿರಾಶ್ರಿತರ ಮಕ್ಕಳು, ನಾಜಿ ಪಕ್ಷದಲ್ಲಿದ್ದ ಕಾರಣಕ್ಕೆ ಹೊರಬಿದ್ದ ಮೇಷ್ಟ್ರುಗಳು. ಮಕ್ಕಳಿಗೆ ಪಾಠ ಹೇಳಿದರೆ ಸಾಲದು, ಹನ್ನೆರಡು ವರ್ಷ ಸುಳ್ಳು ಕೇಳಿ ಬೆಳೆದ ದೊಡ್ಡವರಿಗೂ ಯೋಚಿಸುವ ಅಭ್ಯಾಸ ಮರಳಬೇಕಿತ್ತು. ಆ ಕೆಲಸಕ್ಕೆ ಇದ್ದದ್ದು ‘ಫೋಕ್ಸ್‌ಹೋಖ್‌ಶೂಲೆ’: ದುಡಿಯುವ ಜನ ಸಂಜೆ ಹೊತ್ತು ಬಂದು ಕಲಿಯುವ ಜನಶಾಲೆ. ಗ್ರಿಮ್ಮೆ ಇವುಗಳ ಕಟ್ಟಾ ಬೆಂಬಲಿಗರು.

1948ರಲ್ಲಿ ಮಂತ್ರಿ ಪದವಿ ಬಿಟ್ಟು, ಯುದ್ಧದ ನಂತರ ಬ್ರಿಟಿಷರ ಹಿಡಿತದಲ್ಲಿದ್ದ ಜರ್ಮನ್ ವಲಯದ ಪ್ರಸಾರ ಸಂಸ್ಥೆ ಎನ್‌ಡಬ್ಲ್ಯುಡಿಆರ್‌ನ ಮಹಾನಿರ್ದೇಶಕರಾದರು. ಬಿಬಿಸಿಯಿಂದ ಬಂದಿದ್ದ ಹ್ಯೂ ಕಾರ್ಲ್‌ಟನ್ ಗ್ರೀನ್ ಅವರಿಂದ ನವೆಂಬರ್‌ನಲ್ಲಿ ಅಧಿಕಾರ ವಹಿಸಿಕೊಂಡರು. ಮೇಲ್ನೋಟಕ್ಕೆ ದಿಕ್ಕು ಬದಲಿಸಿದಂತೆ ಕಾಣುತ್ತದೆ. ಆದರೆ ಮೇಷ್ಟ್ರ ಕಣ್ಣಿಗೆ ರೇಡಿಯೋ ಎಂದರೆ ಲಕ್ಷಾಂತರ ಜನ ಒಟ್ಟಿಗೆ ಕೂರುವ ಸಂಜೆಶಾಲೆಯೇ ತಾನೆ? 1952ರ ಡಿಸೆಂಬರ್ 25ರಂದು ಹ್ಯಾಂಬರ್ಗ್‌ನಿಂದ ನಿತ್ಯದ ಟಿ.ವಿ. ಪ್ರಸಾರ ಶುರುವಾದದ್ದು ಅವರ ಅವಧಿಯಲ್ಲೇ. ಮುಂದೆ ಆ ಸಂಸ್ಥೆ ಇಬ್ಭಾಗವಾಗಿ ಎನ್‌ಡಿಆರ್, ಡಬ್ಲ್ಯುಡಿಆರ್ ಆಯಿತು.

ಪ್ರಶಸ್ತಿಯನ್ನು ಹುಟ್ಟುಹಾಕಿದ್ದು ಟಿ.ವಿ. ಕಂಪನಿಗಳಲ್ಲ, ಜನಶಾಲೆಗಳ ಒಕ್ಕೂಟ. ಮನೆಮನೆಗೂ ಬರುತ್ತಿದ್ದ ಪೆಟ್ಟಿಗೆಯಲ್ಲಿ ಒಳ್ಳೆಯದನ್ನು ಗುರುತಿಸಿ ಮೆಚ್ಚುವುದೂ ಜನಶಿಕ್ಷಣವೇ ಎಂದು ಅವರು ನಂಬಿದ್ದರು. ಹಾಗಾಗಿ ಮಂತ್ರಿಯೂ ಮೇಷ್ಟ್ರೂ ಪ್ರಸಾರಕರೂ ಆಗಿದ್ದ ಗ್ರಿಮ್ಮೆ ಅವರ ಹೆಸರು. ಗ್ರಿಮ್ಮೆ ತೀರಿಕೊಂಡದ್ದು 1963ರ ಆಗಸ್ಟ್ 27ರಂದು. ಮೊದಲ ಪ್ರಶಸ್ತಿಗಳನ್ನು ಕೊಟ್ಟದ್ದು 1964ರಲ್ಲಿ. ಸಮಾರಂಭ ಇಂದಿಗೂ ಬರ್ಲಿನ್‌ನಲ್ಲಲ್ಲ, ರೂರ್ ಪ್ರದೇಶದ ಮಾರ್ಲ್ ಎಂಬ ಹಳೆಯ ಗಣಿಯೂರಿನಲ್ಲಿ ನಡೆಯುತ್ತದೆ. ಏಕೆಂದರೆ ಈ ಪ್ರಶಸ್ತಿಯ ಯೋಚನೆ ಬೆಳೆದದ್ದು ಆ ಊರಿನ ಜನಶಾಲೆಯಲ್ಲಿ.